ದೇಯಿಯ ಕಾಲಿನ ಅಟ್ಟೆ

ಮೂವತ್ತರ ದಶಕದ ಮಾತು. ಜೆಪ್ಪುವಿನ ಕಡೆಯ ಹಂಚಿನ ಕಾರ್ಖಾನೆಯೊಂದರಲ್ಲಿ ಹಂಚು ಹೊರುತ್ತಲೇ ದೇಯಿಯ ಹರೆಯ ಕಳೆದಿತ್ತು. ತಲೆಯ ಮೇಲೆ ಹೊರೆ, ಕೆಳಗೆ ಬರಿಗಾಲು. ಆ ಭಾರವೆಲ್ಲ ಕೊನೆಗೆ ಹೋಗಿ ಕೂರುವುದು ಹೆಬ್ಬೆರಳಿನ ಬುಡದಲ್ಲಿ ಎಂಬುದು ಹೊತ್ತವರಿಗಷ್ಟೇ ಗೊತ್ತು. ಬಲಗಾಲಿನ ಆ ಗಂಟು ಬಾತುಕೊಂಡಿತು. ಹೆಜ್ಜೆ ಎತ್ತುವಾಗ ಬೆರಳು ಬಾಗಿದರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು. ಕುಂಟುವವಳಿಗೆ ಅಲ್ಲಿ ಕೆಲಸವಿಲ್ಲ, ಗಂಡನಿಲ್ಲದ ಮನೆಗೆ ಬೇರೆ ದುಡಿಮೆಯಿಲ್ಲ. ಹಲ್ಲು ಕಚ್ಚಿ ನಡೆಯುತ್ತಿದ್ದಳು.

ಕೊನೆಗೊಂದು ದಿನ ಬಲ್ಮಠದ ಆಸ್ಪತ್ರೆಗೆ ಹೋದಾಗ ಅಲ್ಲಿನ ಡಾಕ್ಟರಮ್ಮ ಹೆಲನ್ ಅವಳ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದರು. ಅದೇ ಅಳತೆಗೆ ದಪ್ಪ ತೊಗಲಿನ ಅಟ್ಟೆ ಹೊಲಿಸಿದರು. ಪಾದದ ನಡುವೆ ಆಸರೆಯಾಗಿ ನಿಲ್ಲುವ ಉಬ್ಬು, ಬೆರಳಿನ ಕೆಳಗೆ ಬಾಗದ ಗಟ್ಟಿ ತೊಗಲು, ಮೇಲೆ ಕಟ್ಟಲು ಪಟ್ಟಿ. ಕೆಲಸದ ಹೊತ್ತಿಗೆ ಇದು ಕಾಲಲ್ಲೇ ಇರಬೇಕು ಎಂದರು. ಅದನ್ನು ಕಟ್ಟಿಕೊಂಡು ದೇಯಿ ಮನೆಯವರೆಗೆ ನಡೆದಳು. ನೋವು ಪೂರ್ತಿ ಹೋಗಲಿಲ್ಲ, ಆದರೆ ದಾರಿಯಲ್ಲಿ ಎಲ್ಲೂ ಕೂರಬೇಕಾಗಲಿಲ್ಲ.

ಮರುದಿನ ಕಾರ್ಖಾನೆಯ ಅಂಗಳದಲ್ಲಿ ಮೇಸ್ತ್ರಿ ಬೂಬ ಅಡ್ಡ ನಿಂತ. ಅವನ ಕಾಲಲ್ಲಿ ಬೂಟು, ಮೂಗಿನ ಮೇಲೆ ಕನ್ನಡಕ.

"ಎಂತ ಅದು ಕಾಲಲ್ಲಿ? ನನ್ನೆದುರು ಚಪ್ಪಲಿ ಹಾಕಿ ನಡೆಯುವಷ್ಟು ದೊಡ್ಡ ಜನ ಆದೆಯಾ?"

"ಚಪ್ಪಲಿ ಅಲ್ಲ ಮೇಸ್ತ್ರಿಗಳೇ. ಬೆರಳಿನ ನೋವಿಗೆ ಡಾಕ್ಟರಮ್ಮ ಕೊಟ್ಟದ್ದು. ಇದಿದ್ದರೆ ಹೊರೆ ಹೊರ್ತೇನೆ."

"ಗೇಟಿನ ಹೊರಗೆ ಬಿಟ್ಟು ಬಾ."

ಒಂದು ತುಂಡು ತೊಗಲಿನಿಂದ ಹೋಗುವ ಮರ್ಯಾದೆ ಇದ್ದರೆಷ್ಟು, ಬಿಟ್ಟರೆಷ್ಟು! ಅವಳು ಹೊತ್ತ ಹಂಚು ಊರಿನ ದೊಡ್ಡವರ ತಲೆಗೆಲ್ಲ ನೆರಳಾಗಬಹುದಂತೆ, ಅವಳ ಪಾದಕ್ಕೊಂದು ಅಟ್ಟೆ ಆಗಬಾರದಂತೆ. ಕೇಳಿದರೆ ಮೈ ಉರಿಯುತ್ತದೆ. ದೇಯಿಗೂ ಉರಿಯಿತು.

"ಹಾಗಾದರೆ ನಿಮ್ಮ ಕನ್ನಡಕವನ್ನೂ ಹೊರಗೆ ಇಟ್ಟು ಬನ್ನಿ. ನಿಮ್ಮ ಕಣ್ಣಿಗೆ ಅದು, ನನ್ನ ಕಾಲಿಗೆ ಇದು" ಎಂದಳು.

ಬೂಬ ಅವಳನ್ನು ನಿಂತ ಕಾಲಲ್ಲೇ ಕೆಲಸದಿಂದ ತೆಗೆದ. ಜೊತೆಗೆ ಹೊರುತ್ತಿದ್ದ ಹೆಂಗಸರಲ್ಲಿ ಒಬ್ಬಳೂ ತುಟಿ ಎರಡು ಮಾಡಲಿಲ್ಲ. ಮೇಸ್ತ್ರಿಯ ಮೇಲಿದ್ದ ಸಿಟ್ಟಿಗಿಂತ ಅವರ ಮೇಲಿನ ಸಿಟ್ಟೇ ಅವಳಿಗೆ ಹೆಚ್ಚಾಯಿತು.

ಸಂಜೆ ಅವರೇ ಮನೆಗೆ ಬಂದರು. ಮುಂದೆ ಅಮ್ಮಣಿ, ಹರೆಯದಿಂದಲೂ ಜೊತೆಗೆ ಹೊತ್ತವಳು.

"ಸಮಾಧಾನ ಹೇಳಲಿಕ್ಕೆ ಬಂದದ್ದಾದರೆ ಹೋಗಿ" ಎಂದಳು ದೇಯಿ.

ಅಮ್ಮಣಿ ಜಗಲಿಯಲ್ಲಿ ಕೂತು, ಸೀರೆಯ ಅಂಚು ಸರಿಸಿ ಕಾಲು ಚಾಚಿದಳು. ಹೆಬ್ಬೆರಳಿನ ಬುಡ ಬಾತು ಕೆಂಪಾಗಿತ್ತು. ಪಕ್ಕದವಳೂ ಚಾಚಿದಳು, ಅವಳ ಪಕ್ಕದವಳೂ. ಕೆಲಸ ಹೋದೀತೆಂಬ ಹೆದರಿಕೆಯಲ್ಲಿ ಇಷ್ಟು ವರ್ಷ ಒಬ್ಬಳೂ ಇನ್ನೊಬ್ಬಳಿಗೆ ಹೇಳಿರಲಿಲ್ಲ.

"ಆ ಡಾಕ್ಟರಮ್ಮನ ಹತ್ರ ನಮ್ಮನ್ನೂ ಕರ್ಕೊಂಡು ಹೋಗು. ಎಲ್ಲರೂ ಅಟ್ಟೆ ಕಟ್ಟಿಕೊಂಡು ನಿನ್ನ ಜೊತೆ ಕಾರ್ಖಾನೆಗೆ ಬರ್ತೇವೆ" ಎಂದಳು ಅಮ್ಮಣಿ. "ಅವ ಎಷ್ಟು ಜನರನ್ನು ಹೊರಗೆ ಹಾಕ್ತಾನೆ ನೋಡುವ."