ಮಾವನ ಬೆಳ್ಳಿ ಉಡುದಾರ

ಪಟ್ಟಂದೂರು ಅಗ್ರಹಾರದ ನಮ್ಮ ಮಹಡಿ ಮೇಲಿನ ರೂಮಿಗೆ ಬಾಡಿಗೆಗೆ ಬಂದ ಸವಿತಾ ಬಾಗಲಕೋಟೆ ಕಡೆಯವಳು, ಹತ್ತಿರದ ನರ್ಸಿಂಗ್ ಹೋಮಿನಲ್ಲಿ ನರ್ಸು. ಯಾವುದನ್ನೂ ಖಚಿತವಾಗಿ ಹೇಳುವ ಜಾಯಮಾನ ಅವಳದಲ್ಲ. ಮಳೆ ಬರುತ್ತಾ ಎಂದು ಕೇಳಿದರೂ ಬರಬಹುದು, ಬಾರದೆಯೂ ಇರಬಹುದು ಎನ್ನುತ್ತಾಳೆ. ಇಂಥವಳು ಸೂಜಿ ಹೇಗೆ ಚುಚ್ಚುತ್ತಾಳೋ ಎಂದು ನನಗೆ ದಿಗಿಲು. ಚುಚ್ಚುವಾಗ ಮಾತ್ರ ಅವಳ ಕೈ ನಡುಗಿದ್ದನ್ನು ನಾನು ಕಂಡಿಲ್ಲ.

ನಮ್ಮ ಮಾವ ಬೈರಪ್ಪನವರಿಗೆ ಅರವತ್ತು ದಾಟಿದ ಮೇಲೆ, ವಂಶದಲ್ಲೇ ಯಾರಿಗೂ ಇಲ್ಲದ ಸಕ್ಕರೆ ಕಾಯಿಲೆ ಬಂತು. ಅತ್ತೆ ಅಂಜಿನಮ್ಮ ಸೊಂಟ ಕಟ್ಟಿ ನಿಂತರು. ಮುದ್ದೆ ಅರ್ಧವಾಯಿತು, ಬೆಲ್ಲದ ಡಬ್ಬಿ ಅಟ್ಟ ಸೇರಿತು, ಬೆಳಿಗ್ಗೆ ಎದ್ದರೆ ಹಾಗಲಕಾಯಿ ರಸ. ಸವಿತಾ ಡ್ಯೂಟಿಗೆ ಹೋಗುವ ಮುಂಚೆ ಕೆಳಗಿಳಿದು ಬಂದು, ಮಾವನ ಬೆರಳು ಚುಚ್ಚಿ ಸಕ್ಕರೆ ನೋಡಿ, ಅತ್ತೆ ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದಳು. ಮಾವ ದಿನೇ ದಿನೇ ಇಳಿದು ಸಣ್ಣಗಾದರು. ಬೀದಿಯವರೆಲ್ಲ ಹೊಗಳಿದರು. ಅತ್ತೆಯನ್ನು ಹಿಡಿಯುವವರೇ ಇರಲಿಲ್ಲ. ಅಕ್ಕಪಕ್ಕದ ಹೆಂಗಸರು ಪಥ್ಯ ಕೇಳಿಕೊಂಡು ಬರುತ್ತಿದ್ದರು.

ಒಂದು ಬೆಳಿಗ್ಗೆ ಬಚ್ಚಲಲ್ಲಿ ಮಾವನ ಬೆಳ್ಳಿ ಉಡುದಾರ ಸೊಂಟದಿಂದ ಜಾರಿ ಬಿತ್ತು. ಯುಗಾದಿಯ ನಂತರ ಒಮ್ಮೆ ಕಾಡುಗೋಡಿಯ ಆಚಾರಿ ಹತ್ತಿರ ಅದರ ಕೊಂಡಿ ತೆಗೆಸಿ ಚಿಕ್ಕದು ಮಾಡಿಸಿಯಾಗಿತ್ತು. ಅತ್ತೆ ನಗುತ್ತಾ ಅದನ್ನು ಸವಿತಾಳ ಮುಂದೆ ಹಿಡಿದು, ತಮ್ಮ ಪಥ್ಯದ ಮಹಿಮೆ ನೋಡು ಎಂದರು. ಸವಿತಾ ನಗಲಿಲ್ಲ. ಕಾಫಿ ಅರ್ಧಕ್ಕೇ ಬಿಟ್ಟು ನನ್ನನ್ನು ಮೆಟ್ಟಿಲ ಹತ್ತಿರ ಕರೆದಳು.

“ಖರೇ ಹೇಳ್ರಿ ಆಶಕ್ಕಾ, ಇಷ್ಟ್ ಪಥ್ಯ ಮಾಡಿದ್ರೂ ಸಕ್ಕರಿ ಇಳೀವಲ್ದು, ಮಾವಾರು ಹೊರಗ ಏನರ ತಿಂತಾರೇನು?”

ನನಗೆ ಪೀಕಲಾಟ. ವಾಕಿಂಗ್ ಹೆಸರಿನಲ್ಲಿ ಮಾವ ಬೇಕರಿಗೆ ಹೋಗಿ ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು ಮುಕ್ಕುತ್ತಿದ್ದದ್ದು ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ಮುಚ್ಚಿಸಲು ನನಗೂ ಒಂದು ಪೊಟ್ಟಣ ಬರುತ್ತಿತ್ತು. ಹೇಳಿದರೆ ಅತ್ತೆ ರಂಪ ಮಾಡುತ್ತಾರೆ. ಹೇಳದಿದ್ದರೆ ಏನಾಗುತ್ತದೋ ತಿಳಿಯದು. ಹೇಳಿಬಿಟ್ಟೆ. ಮಾವನನ್ನು ಬೈಯುತ್ತಾಳೆ ಅಂದುಕೊಂಡರೆ, ಅವಳ ಮುಖವೇ ಬಿಳಿಚಿತು.

ಇಷ್ಟು ತಿಂದೂ ಇಳಿಯುತ್ತಿದ್ದಾರೆ ಅಂದರೆ ಅದು ಪಥ್ಯದಿಂದಲ್ಲ ಎಂದಳು. ಸಕ್ಕರೆಯಿಂದಲೇ ಇರಬಹುದು, ಹೊಟ್ಟೆಯ ಹಿಂದಿನ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆಯೂ ಇರಬಹುದು. ಈ ವಯಸ್ಸಿಗೆ ಹೊಸದಾಗಿ ಬರುವ ಸಕ್ಕರೆ ಕೆಲವೊಮ್ಮೆ ಅದರದೇ ಸುಳಿವಂತೆ. ಕ್ಯಾನ್ಸರ್ ಎಂದು ಅವಳು ಅನ್ನಲಿಲ್ಲ, ನಾನೇ ಅಂದೆ. ನಂಬಬೇಕೋ, ಇವಳದು ಬರೀ ಅನುಮಾನ ಎಂದು ತಳ್ಳಿಹಾಕಬೇಕೋ?

ಸಂಜೆ ಅವಳೇ ಎಲ್ಲರೆದುರು ಡಾಕ್ಟರಿಗೆ ತೋರಿಸಿ ಎಂದಳು. ಬೇಕರಿ ವಿಷಯವೂ ಹೊರಬಿತ್ತು. ಅತ್ತೆ ಯಾರನ್ನು ಮೊದಲು ಬೈಯುವುದೆಂದು ತಿಳಿಯದೆ ಮೂವರನ್ನೂ ಬೈದರು. ಚೆನ್ನಾಗಿರೋ ಗಂಡನಿಗೆ ರೋಗ ಅಂಟಿಸುತ್ತೀಯಾ, ರೂಮು ಖಾಲಿ ಮಾಡು ಎಂದರು. ಸವಿತಾಳ ಕಣ್ಣು ತುಂಬಿತು, ಆದರೂ ಜಗ್ಗಲಿಲ್ಲ.

“ರೂಮ್ ಬಿಡ್ತೀನ್ರಿ ಅಮ್ಮಾರ. ಅದು ಐತೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತಿಲ್ಲಂತನ ತೋರಸ್ರಿ ಅನ್ನಾಕತ್ತೀನಿ.”

ಮಾವ ಎದ್ದು ಚಪ್ಪಲಿ ಮೆಟ್ಟಿ, ನಡೆಯಮ್ಮ, ತೋರಿಸೋಣ ಎಂದರು.

ಅವಳ ನರ್ಸಿಂಗ್ ಹೋಮಿನ ಡಾಕ್ಟರು ಸ್ಕ್ಯಾನ್ ಬರೆದರು. ಗಡ್ಡೆ ಇತ್ತು. ಚಿಕ್ಕದು, ಹರಡಿಲ್ಲ, ಆಪರೇಷನ್ ಮಾಡಬಹುದು. ಸಾಮಾನ್ಯವಾಗಿ ಇಷ್ಟು ಬೇಗ ಯಾರೂ ಬರುವುದಿಲ್ಲ ಎಂದರು ದೊಡ್ಡಾಸ್ಪತ್ರೆಯವರು. ನಗಬೇಕೋ ಅಳಬೇಕೋ ನಮಗೆ ತಿಳಿಯಲಿಲ್ಲ. ಉಳಿಯುತ್ತಾರಾ ಎಂದು ಸವಿತಾಳನ್ನು ಕೇಳಿದೆ. ಉಳಿಯಬಹುದು ಎಂದಳು. ಅವಳ ‘ಬಹುದು’ ಅವತ್ತು ನನಗೆ ಸಾಕಾಯಿತು.

ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮುಂಚೆ ಮಾವನ ಮೈಮೇಲಿನದನ್ನೆಲ್ಲ ಬಿಚ್ಚಿಸಿದರು. ಅತ್ತೆ ಉಡುದಾರವನ್ನು ಮುಷ್ಟಿಯಲ್ಲಿ ಹಿಡಿದು ಮಂಚದ ಪಕ್ಕ ನಿಂತಿದ್ದರು. ಬೇಕರಿ ವಿಷಯ ತಿಳಿದಾಗಿನಿಂದ ಅವರು ಮಾವನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

“ನೀನು ಕದ್ದು ತಿಂದಿದ್ದೇ ಒಳ್ಳೇದಾಯ್ತು,” ಎಂದರು. “ನನ್ ಮಾತ್ ಕೇಳ್ಕೊಂಡು ಇದ್ದಿದ್ರೆ, ನಾನೇ ಸಣ್ಣ ಮಾಡ್ದೆ ಅಂತ ಬೀಗ್ಕೊಂಡೇ ನಿನ್ನ ಕಳ್ಕೊಂತಿದ್ನಲ್ಲ.”

ಮಾವ ಕೈ ಚಾಚಿ, ಉಡುದಾರದ ಸಮೇತ ಆ ಮುಷ್ಟಿಯನ್ನು ಹಿಡಿದುಕೊಂಡರು.