ಪ್ರಾರ್ಥನಾ ಕೋಣೆಗೆ ಸುರಿದ ನೀರು

ನಾನು ಓದಿದ್ದು ಐದನೇ ಇಯತ್ತೆ. ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ. ತಾಂಡೂರಿನ ಕಲ್ಲುಗಣಿಯಲ್ಲಿ ಅಪ್ಪನ ಬೆನ್ನು ಹೋದ ವರ್ಷ ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿ ಕಲ್ಲು ತಟ್ಟುವ ಕೊಡತಿ ಹಿಡಿದೆ. ಜಹೀರಾಬಾದ್, ನಾರಾಯಣಖೇಡ, ಧಾರೂರು, ಎಲ್ಲಿ ಬೇಕಾದರೂ ಹೋಗಿ ನೋಡಿ. ನಾನು ಹಾಸಿದ ಫರಸಿ ಕಲ್ಲಿನ ಮೇಲೆ ಜನ ಬರಿಗಾಲಲ್ಲಿ ಓಡಾಡುತ್ತಾರೆ, ಒಂದು ಅಂಚೂ ಬೆರಳಿಗೆ ತಾಗುವುದಿಲ್ಲ.

ಇಂಥ ನಾನು ಕಾಲೇಜು ಹುಡುಗರಿಗೆ ಯೇಸುಸ್ವಾಮಿಯ ಮಾತು ಹೇಳಲು ಹೋಗುತ್ತೇನೆ ಎಂದಾಗ ನಮ್ಮ ಚರ್ಚಿನ ಸಭೆಯಲ್ಲಿ ಹಲವರು ನಕ್ಕರು.

ಜಹೀರಾಬಾದಿನಲ್ಲಿ ಕಂಗ್ಟಿ, ಮೊಗುಡಂಪಲ್ಲಿ ಕಡೆಯ ಮಕ್ಕಳು ಬಾಡಿಗೆ ಕೋಣೆ ಹಿಡಿದು ಓದುತ್ತಾರೆ. ಊರಲ್ಲಿ ಸೋಮವಾರ ಉಪವಾಸ ಹಿಡಿದವರು, ಭಾನುವಾರ ಆರಾಧನೆಗೆ ಕೂತವರು, ಇಲ್ಲಿಗೆ ಬಂದ ಮೇಲೆ ಎಲ್ಲರೂ ಒಂದೇ. ಯಾವ ದೇವರ ಮೇಲೂ ಸಿಟ್ಟಿಲ್ಲ, ಯಾವ ದೇವರೂ ಬೇಕಿಲ್ಲ. ಚಹಾದಂಗಡಿಯಲ್ಲಿ ಒಬ್ಬ ಹುಡುಗ ನಗುನಗುತ್ತಲೇ ಹೇಳಿದ್ದ: “ದೇವರು-ಗೀವರು ಎಲ್ಲಾ ಊರ ಬಸ್‌ಸ್ಟ್ಯಾಂಡಿನಾಗ ಇಳಿಸಿ ಬಂದೀವ್ರಿ ಕಾಕಾ. ರಜಾಕ್ಕ ಹೋದಾಗ ಮತ್ತ ಹೊತ್ಕೋತೀವಿ.”

ಇವರಿಗಾಗಿಯೇ ಚರ್ಚಿನ ಹಿಂದಿನ ಕೋಣೆಯಲ್ಲಿ ಪ್ರತಿ ಗುರುವಾರ ಸಂಜೆ ಕೂಟ ಇತ್ತು. ಓದಿದ ತರುಣರು ಗಿಟಾರು, ವಿಡಿಯೊ ಪರದೆ ತಂದು ನಡೆಸಿದರು. ಮಕ್ಕಳು ಬಂದರು, ಮಿರ್ಚಿ ಭಜಿ ತಿಂದರು, ಮತ್ತೆ ಬರಲಿಲ್ಲ. ಕೊನೆಗೆ ಕೋಣೆಯನ್ನು ಟ್ಯೂಷನ್ನಿಗೆ ಕೊಟ್ಟುಬಿಡೋಣ ಎಂದರು ಸಭೆಯ ಹಿರಿಯರು. ಅವರು ನಿವೃತ್ತ ಮಾಸ್ತರರು. ನಾನು ಎದ್ದು ನಿಂತೆ.

“ಮೇಸ್ತ್ರಿ, ಅವರು ಇಂಜಿನಿಯರಿಂಗ್ ಓದಾಕ ಬಂದವರು. ನೀ ಏನ್ ಹೇಳಾಂವ ಅವರಿಗೆ? ಸಿಮೆಂಟಿನ ರೇಟಾ?”

“ಮೂರು ಗುರುವಾರ ಕೊಡ್ರಿ ಸರ್. ಮೂರನೇದಕ್ಕೂ ಕೋಣಿ ಖಾಲಿ ಇದ್ರ ಕೀಲಿ ನಾನೇ ನಿಮ್ಮ ಕೈಯಾಗ ಇಡ್ತೀನಿ.”

ಪಾಸ್ಟರ್ ಹೂಂ ಎಂದರು.

ಮೊದಲ ಗುರುವಾರ ಇಸ್ತ್ರಿ ಅಂಗಿ ಹಾಕಿಕೊಂಡು, ಪಾಸ್ಟರ್ ಪ್ರಸಂಗದ ಧಾಟಿಯಲ್ಲೇ ಬಾಯಿಪಾಠ ಮಾಡಿಕೊಂಡು ಹೋದೆ. ಐದು ಜನ ಬಂದಿದ್ದರು. “ಪ್ರಿಯ ಯೌವನಸ್ಥರೇ” ಎಂದು ಶುರು ಮಾಡಿ ಕಾಲು ಗಂಟೆ ಮಾತಾಡಿದೆ. ನಾರಾಯಣಖೇಡದ ಕಡೆಯ ಹುಡುಗಿಯೊಬ್ಬಳು, ಡಿಪ್ಲೊಮಾ ಸಿವಿಲ್ ಓದುವವಳು, ಕೈಯೆತ್ತಿದಳು.

“ಕಾಕಾ, ಇದು ನಿಮ್ಮ ಮಾತಲ್ಲ ಬಿಡ್ರಿ. ಯಾರದೋ ಅಂಗಿ ಹಾಕ್ಕೊಂಡಂಗ ಅದ.”

ಆ ಮಾತು ನಾಟಿತು. ವಾರವಿಡೀ ಕಲ್ಲು ಕಡಿಯುವಾಗಲೂ ಅದೇ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

ಎರಡನೇ ಗುರುವಾರ ಮೂವರೇ. ಅವಳು, ಚಹಾದಂಗಡಿಯ ಆ ಬಸ್‌ಸ್ಟ್ಯಾಂಡ್ ಹುಡುಗ, ಅವನ ಗೆಳೆಯ. ಈ ಸಲ ನಾನು ಕೆಲಸದ ಅಂಗಿಯಲ್ಲೇ ಹೋಗಿದ್ದೆ. ಹುಡುಗಿ ಕೇಳಿದಳು: “ದೇವರ ಮಾತು ಇರಲಿ ಕಾಕಾ. ನಿಮ್ಮ ಕೆಲಸ ಖರೇ ಅಂತ ಹ್ಯಾಂಗ ತೋರಸ್ತೀರಿ?”

ಇದು ನನ್ನ ಅಂಗಳ. ಎದೆಯುಬ್ಬಿಸಿ ಹೇಳಿದೆ. ನಮ್ಮಲ್ಲಿ ನೆಲ ಹಾಸಿ ಮುಗಿದ ಮೇಲೆ ಮನೆಯವರ ಮುಂದೆ ಎತ್ತರದ ಮೂಲೆಯಲ್ಲಿ ಒಂದು ಕೊಡ ನೀರು ಸುರಿಯುತ್ತೇವೆ. ನೀರು ತಾನಾಗಿ ಬಾಗಿಲಿಗೆ ಹರಿದರೆ ಕೆಲಸ ಸರಿ. ನಡುವೆ ನಿಂತರೆ ಮೇಸ್ತ್ರಿ ಬಾಯಿ ಮುಚ್ಚಿಕೊಂಡು ಆ ಕಲ್ಲು ಕಿತ್ತು ಮತ್ತೆ ಹಾಸಬೇಕು. ವಾದ ಮಾಡುವಂತಿಲ್ಲ.

“ಈ ನೆಲಾನೂ ನಿಮ್ಮದೇ ಅಲ್ಲೇನ್ರಿ?” ಎಂದಳು.

“ನಂದೇ. ತಗೊಂಬಾ ಕೊಡ.”

ಚಾಪೆ ಸುತ್ತಿಟ್ಟು ಸುರಿದೆ. ನೀರು ನಾಲ್ಕು ಸಾಲು ಕಲ್ಲಿನ ಮೇಲೆ ಚೆಂದವಾಗಿ ಹರಿದು, ಕೋಣೆಯ ನಡುವೆ ಬಂದು, ಊಟದ ತಾಟಿನಷ್ಟು ಅಗಲಕ್ಕೆ ನಿಂತುಬಿಟ್ಟಿತು. ಅಲ್ಲಾಡಲಿಲ್ಲ.

“ಕಾಕಾ, ಎರಡು ಮೀನು ತಂದು ಬಿಡೂಣೇನ್ರಿ?” ಎಂದ ಬಸ್‌ಸ್ಟ್ಯಾಂಡ್ ಹುಡುಗ.

ಅಡಿಯ ಮಣ್ಣು ಕುಸಿದಿದೆ ಎಂದು ಹೇಳಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ನಡೆದದ್ದು ಬೇರೆ. ಈ ಕೋಣೆ ಕಟ್ಟಿದ ವರ್ಷ ಕ್ರಿಸ್ಮಸ್ಸಿನ ಹಿಂದಿನ ದಿನ ಕಲ್ಲು ಹಾಸಿ ಮುಗಿಸಿದ್ದೆ. ನೀರು ಸುರಿ ಎಂದು ಪಾಸ್ಟರ್ ಅಂದಿದ್ದರು. ನನ್ನ ಕೈಗೆ ಪರೀಕ್ಷೆಯೇ ಎಂದು ನಾನೇ ಚಾಪೆ ಹಾಸಿಬಿಟ್ಟಿದ್ದೆ. ಎಂಟು ವರ್ಷ ಆ ಚಾಪೆಯ ಮೇಲೆ ಮೊಣಕಾಲೂರಿದ್ದೇನೆ.

ಅಷ್ಟನ್ನೂ ಆ ಮೂವರಿಗೆ ಹೇಳಿದೆ. “ಶನಿವಾರ ಕೀಳ್ತೀನಿ. ಗುರುವಾರ ಬಂದು ನೋಡ್ರಿ,” ಎಂದೆ.

ಹಿರಿಯರಿಗೆ ಸುದ್ದಿ ಮುಟ್ಟಿತು. “ಮಾತು ಹೇಳಾಕ ಕಳಿಸಿದ್ರ ನೆಲಾ ಅಗ್ಯಾಕ ಹೊಂಟೀಯಲ್ಲೋ. ಮೊದಲ ನಗತಿದ್ರು, ಈಗ ಕುಣಿದು ನಗತಾರ,” ಎಂದರು. ನನಗೂ ಹಾಗೇ ಅನ್ನಿಸಿತ್ತು.

ಶನಿವಾರ ಮಧ್ಯಾಹ್ನ ಸಂದಿಯ ಸಿಮೆಂಟು ಕೊರೆದು ಹಾರೆ ಹಾಕುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಅದೇ ಹುಡುಗಿ, ಜೊತೆಗೆ ಅವಳ ತರಗತಿಯ ಆರು ಜನ. ಫರಸಿ ಕೀಳುವುದನ್ನು ಪುಸ್ತಕದಲ್ಲಿ ಓದಿದ್ದರಂತೆ, ಕಣ್ಣಾರೆ ನೋಡಿರಲಿಲ್ಲ. ಅವರ ಹಿಂದೆಯೇ ಬಂದ ಬಸ್‌ಸ್ಟ್ಯಾಂಡ್ ಹುಡುಗ ಅಂಗಿಯ ತೋಳು ಮಡಚಿ ಕಲ್ಲಿಗೆ ಕೈ ಕೊಟ್ಟ. ಹಳೆಯ ಗಾರೆ ಕೆರೆದೆವು, ಹೊಸ ಗಾರೆ ಹರಡಿದೆವು. ಕೊಡತಿಯಿಂದ ತಟ್ಟುವಾಗ ಕಲ್ಲಿನ ಸದ್ದು ಕೇಳಿಸಿಕೊಳ್ಳುವುದು ಹೇಗೆ ಎಂದು ತೋರಿಸಿದೆ. ಟೊಳ್ಳಿದ್ದರೆ ಅದು ಬೇರೆಯಾಗಿಯೇ ನುಡಿಯುತ್ತದೆ.

“ಚಾಪಿ ಕೆಳಗಿತ್ತು ಕಾಕಾ. ಯಾರಿಗೂ ಗೊತ್ತಾಗ್ತಿರಲಿಲ್ಲ,” ಎಂದಳು ಹುಡುಗಿ. “ದೇವರು ನೋಡ್ತಾನಂತ ಹೆದರಿ ಕಿತ್ತೀರೇನು?”

ಕೊಡತಿ ಕೆಳಗಿಟ್ಟೆ. ಬಾಯಿಪಾಠ ಮಾಡಿದ್ದು ಒಂದೂ ನೆನಪಾಗಲಿಲ್ಲ.

“ಹೆದರಿ ಅಲ್ಲವ್ವಾ. ನಾ ಚಲೋ ಕೆಲಸಗಾರ ಅಂತ ಯೇಸುಸ್ವಾಮಿ ನನ್ನ ಕರ್ದಿಲ್ಲ. ಕುಡುದು ಬಿದ್ದಿದ್ದೆ, ಹೆಂಡತಿ ತವರಿಗಿ ಹೋಗಿದ್ಳು, ಅವಾಗ ಕರ್ದಾನ. ನನ್ನ ತಪ್ಪಿನ ಭಾರ ತಾನ ಶಿಲುಬಿ ಮ್ಯಾಲ ಹೊತ್ತಾನ. ಅಂಥಾವ ಕೈ ಬಿಡೂದಿಲ್ಲ ಅಂತ ಗೊತ್ತಾದ ಮ್ಯಾಲ, ತಪ್ಪಿನ ಮ್ಯಾಲ ಚಾಪಿ ಹಾಸೂ ಜರೂರೇನದ ನನಗ?”

ಕಲ್ಲು ಹಿಡಿದಿದ್ದ ಒಬ್ಬ, ಹೆಂಡತಿ ತಿರುಗಿ ಬಂದರೇ ಎಂದು ಕೇಳಿದ. “ಬಂದಾಳ. ನಿಮಗ ಚಹಾ ಅಕಿನೇ ಕಳಿಸ್ಯಾಳ, ಕುಡೀರಿ,” ಎಂದೆ. ಎಲ್ಲರೂ ನಕ್ಕರು. ಹೊತ್ತು ಮುಳುಗುವ ತನಕ ಕಲ್ಲಿನ ಧೂಳಿನಲ್ಲೇ ಕೂತು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ.

ಮೂರನೇ ಗುರುವಾರ ಬಾಗಿಲ ಹೊರಗೆ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಕಾಕಾನ ನೀರು ಹರಿಯುತ್ತದೋ ಇಲ್ಲವೋ ಎಂದು ಎರಡು ಹಾಸ್ಟೆಲಿನಲ್ಲಿ ಮಾತಾಗಿತ್ತಂತೆ. ಗೋಡೆಗೆ ಒರಗಿ, ಕಿಟಕಿಯಲ್ಲಿ ತೂರಿ, ಎಲ್ಲಾ ಕಡೆ ಮಕ್ಕಳು. ಹಿರಿಯರು ಕೀಲಿ ಇಸಿದುಕೊಳ್ಳಲು ಬಂದವರು ಹೊಸ್ತಿಲಲ್ಲೇ ನಿಂತಿದ್ದರು.

ಕೊಡವನ್ನು ಹುಡುಗಿಯ ಕೈಗೆ ಕೊಟ್ಟೆ. ಅವಳು ಸುರಿದಳು. ನೀರು ಹರಿಯಿತು, ನಡುವಿನ ಕಲ್ಲುಗಳ ಮೇಲೆ ತಡೆಯದೆ, ದಾರಿ ಗೊತ್ತಿದ್ದ ಹಾಗೆ, ಬಾಗಿಲಿಗೆ ಹೋಗಿ ಹಿರಿಯರ ಕಾಲ್ಬೆರಳು ತೋಯಿಸಿತು.

“ಸರಕೋರಿ ಸರ್, ನೀರಿಗಿ ದಾರಿ ಬಿಡ್ರಿ,” ಎಂದೆ.

ಕೋಣೆಗೆ ಕೋಣೆಯೇ ಚಪ್ಪಾಳೆ ಹೊಡೆಯಿತು. ಹಿರಿಯರು ಪ್ಯಾಂಟು ಮೇಲೆತ್ತಿಕೊಂಡು ಒಳಗೆ ಬಂದರು. ಕೀಲಿಯ ಮಾತೆತ್ತದೆ, ತಾವೇ ಅರಿವೆ ತಂದು ಒರೆಸಿ ಚಾಪೆ ಹಾಸಿದರು. “ಕೂಡ್ರಿ, ಕೂಡ್ರಿ, ಮೇಸ್ತ್ರಿ ಮಾತಾಡ್ತಾನ,” ಎಂದರು.

ಆ ಸಂಜೆ ನನ್ನ ಮಾತಿನಲ್ಲೇ ಮಾತಾಡಿದೆ. ಹೊರಡುವಾಗ ಹುಡುಗಿ, “ನಾ ನಂಬೀನಂತ ತಿಳೀಬ್ಯಾಡ್ರಿ. ಇನ್ನೂ ಕೇಳೂದು ಭಾಳ ಅದ,” ಎಂದಳು. ಇಂದಿಗೂ ಕೇಳುತ್ತಿದ್ದಾಳೆ, ಒಂದು ಗುರುವಾರವೂ ತಪ್ಪಿಸಿಲ್ಲ.

ಬಸ್‌ಸ್ಟ್ಯಾಂಡ್ ಹುಡುಗ ಮಾತ್ರ ಎಲ್ಲರೂ ಹೋದ ಮೇಲೂ ನಿಂತಿದ್ದ. ಪ್ರಾರ್ಥನೆ ಹೇಗೆ ಶುರು ಮಾಡುವುದು ಎಂದು ಕೇಳಿದ.

“ಮನ್ಯಾಗ ಹೆಂಗ ಮಾತಾಡ್ತಿ, ಹಂಗ,” ಎಂದೆ. ನಾವಿಬ್ಬರೂ ಆ ಹೊಸ ಕಲ್ಲಿನ ಮೇಲೆ ಮೊಣಕಾಲೂರಿದೆವು.