ಪಡುವಣ ಗಾಳಿಯ ಚಾಚಾ

ಚಾಚಾ ಟೋಪಿ ತೆಗೆದು, ಬೋಳು ನೆತ್ತಿಗೆ ನೀರು ಸವರಿಕೊಂಡು, ಬಯಲಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನೆತ್ತಿಯ ಯಾವ ಮಗ್ಗುಲು ಮೊದಲು ತಣ್ಣಗಾಗುತ್ತದೋ ಗಾಳಿ ಆ ಕಡೆಯದು.

ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು, ನಿವೃತ್ತಿಯಾದ ಮೇಲೆ ಸೋಲದೇವನಹಳ್ಳಿಯಲ್ಲಿ ನಮ್ಮ ಹೊಲದ ಪಕ್ಕ ಮನೆ ಕಟ್ಟಿಕೊಂಡಿದ್ದರು. ಎಪ್ಪತ್ತರ ದಶಕದ ಕೊನೆ. ಕರೆಂಟಿನ ಕಂಬ ಅಲ್ಲಿಯವರೆಗೆ ಬಂದಿರಲಿಲ್ಲ. ಮಗಳು ಊರವರ ಬಟ್ಟೆ ಹೊಲಿಯುತ್ತಿದ್ದಳು; ಸೀಮೆಎಣ್ಣೆ ದೀಪದಲ್ಲಿ ಅವಳ ಕಣ್ಣು ಕೆಡುತ್ತಿತ್ತು. ಅವಳ ಮಿಷನ್ನಿನ ಮೇಲೆ ಒಂದು ಬಲ್ಬು ಉರಿಸಬೇಕು, ಅದೂ ಗಾಳಿಯಿಂದ ಎಂಬುದು ಚಾಚಾನ ಹಟ.

ಗಾಳಿಯಂತ್ರದ ರೆಕ್ಕೆ ಕಟ್ಟುವ ಮುಂಚೆ ಒಂದು ವರ್ಷ ಬರೀ ಗಾಳಿಯನ್ನು ಅಳೆದರು. ನಾಲ್ಕು ಸೌಟುಗಳ ಹಿಡಿ ಕತ್ತರಿಸಿ, ಅಡ್ಡಪಟ್ಟಿಗೆ ಬಿಗಿದು, ಕಂಬದ ತುದಿಯಲ್ಲಿ ತಿರುಗಲು ಬಿಟ್ಟಿದ್ದರು. ಒಂದಕ್ಕೆ ಕೆಂಪು ಬಣ್ಣ. ಅದು ನಿಮಿಷಕ್ಕೆ ಎಷ್ಟು ಸಲ ಎದುರು ಬಂತೆಂದು ಗಡಿಯಾರ ಹಿಡಿದು ಎಣಿಸುವುದು.

“ಏನ್ ಚಾಚಾ, ಗಾಳಿಗೆ ಸಾರು ಬಡಿಸ್ತಿದ್ದೀರಾ?” ಎಂದು ರೇಗಿಸುತ್ತಿದ್ದೆ.

“ಆಷಾಢದ ಗಾಳಿ ನೆಂಟ ಕಣೋ ಬೇಟಾ. ವರ್ಷ ಪೂರ್ತಿ ಇರೋನು ಮನೆಯೋನು. ನಂಗೆ ಮನೆಯೋನು ಬೇಕು.”

ಮನೆಯವನು ಸಿಕ್ಕಿದ. ಪಡುವಣದಿಂದ, ನಮ್ಮ ಹೊಲದ ಮೇಲಿಂದ, ಸಂಜೆಯಾದರೆ ಬೀಸುತ್ತಿದ್ದ.

“ಆ ಕಡೆ ಮಾತ್ರ ಏನೂ ಎಬ್ಬಿಸ್ಬೇಡ ಬೇಟಾ” ಎಂದರು ಚಾಚಾ.

“ರಾಗಿ ಬಿಟ್ಟು ಇನ್ನೇನ್ ಬೆಳೀತೀನಿ, ಬಿಡಿ” ಎಂದೆ.

ಆ ಮಾತು ನಂಬಿ, ಲಾರಿಯ ಹಳೆ ಡೈನಮೋ, ಬ್ಯಾಟರಿ ತಂದು ರೆಕ್ಕೆ ನಿಲ್ಲಿಸಿದರು. ಬಲ್ಬು ಹೊತ್ತಿದ ಸಂಜೆ ಮಗಳು ಮೊದಲು ಹೊಲಿದದ್ದು ನನ್ನ ಅಂಗಿ.

ಮುಂದಿನ ಮಳೆಗಾಲಕ್ಕೆ ಊರಿನವರೆಲ್ಲ ನೀಲಗಿರಿ ನೆಟ್ಟರು. ರಾಗಿಯ ಗೇಯ್ಮೆ ತಪ್ಪುತ್ತದೆಂದು ನಾನೂ ನೆಟ್ಟೆ. ಮಾತು ಕೊಟ್ಟದ್ದು ಮರೆತಿರಲಿಲ್ಲ. ಗಿಡ ಅಷ್ಟು ಬೇಗ ಏಳುವುದಿಲ್ಲ ಎಂದುಕೊಂಡೆ. ಎದ್ದವು. ರೆಕ್ಕೆ ನಿಧಾನವಾಯಿತು, ಒಂದು ಬೇಸಿಗೆಯಲ್ಲಿ ನಿಂತೇಹೋಯಿತು. ಆ ಮನೆಯಲ್ಲಿ ಮತ್ತೆ ಸೀಮೆಎಣ್ಣೆ ದೀಪ ಉರಿಯತೊಡಗಿತು. ನಾನು ಆ ದಾರಿ ಬಿಟ್ಟು ಸುತ್ತು ಬಳಸಿ ಓಡಾಡಿದೆ.

ಒಮ್ಮೆ ಎದುರಾದಾಗ ಅವರೇ ಸಮಾಧಾನ ಹೇಳಿದರು: “ನಂದೇ ತಪ್ಪು ಬೇಟಾ. ಕಂಬ ಇನ್ನೂ ಎತ್ತರ ಹಾಕ್ಬೇಕಿತ್ತು.”

ಬೈದಿದ್ದರೆ ಅಂದೇ ಕಡಿಯುತ್ತಿದ್ದೆನೇನೋ. ಕೊಡಲಿ ಹಿಡಿದದ್ದು ಅವರನ್ನು ಮಣ್ಣು ಮಾಡಿ ಬಂದ ಮೇಲೆ. ಆಳುಗಳನ್ನು ಕರೆಯಲಿಲ್ಲ. ಮರಗಳೆಲ್ಲ ಉರುಳಿದ ಸಂಜೆ ರೆಕ್ಕೆ ಕಿರುಗುಟ್ಟಿ ತಿರುಗಿತು. ಮಗಳು ಹೊರಗೆ ಬಂದು ರೆಕ್ಕೆಯನ್ನು ನೋಡಿದಳು, ಆಮೇಲೆ ನನ್ನನ್ನು.

“ಈಗ ಕಡಿದ್ರಾ ಅಣ್ಣ?”

ನೀಲಗಿರಿಯ ಬುಡ ಸುಲಭಕ್ಕೆ ಸಾಯುವುದಿಲ್ಲ. ಚಿಗುರು ಕಂಡಾಗಲೆಲ್ಲ ಹೋಗಿ ಸವರಿದೆ. ಅವಳ ಮನೆಗೆ ಕರೆಂಟು ಬಂದ ಮೇಲೂ ಸವರಿದೆ.